ಬೇಸಿಗೆಯ ಮದುವೆಗೆ ಸಿಹಿ ಪರ್ಫ್ಯೂಮ್ ಕೊಳ್ಳುವ ಮುನ್ನ

ಯಾದಗಿರಿಯ ಮಿತ್ರರೇ, ಮೇ ತಿಂಗಳಲ್ಲಿರುವ ತಮ್ಮನ ಮದುವೆಗೆಂದು ಕಲಬುರಗಿಯ ಅಂಗಡಿಯಲ್ಲಿ ಕಾಗದದ ಪಟ್ಟಿಯ ಮೇಲೆ ಮೂಸಿದ ವೆನಿಲಾ ಪರ್ಫ್ಯೂಮ್ ಬಹಳ ಹಿಡಿಸಿತೆಂದೂ, ರಿಯಾಯಿತಿ ಮುಗಿಯುವುದರೊಳಗೆ 100 ಮಿ.ಲೀ. ಬಾಟಲಿಯನ್ನೇ ತರುವುದಾಗಿಯೂ ಈ ಗುಂಪಿನಲ್ಲಿ ಬರೆದಿದ್ದೀರಿ. ದಯವಿಟ್ಟು ಈಗಲೇ ತರಬೇಡಿ. ನಾನೂ ಹಿಂದೊಮ್ಮೆ ಎಸಿಯ ತಂಪಿನಲ್ಲಿ ಪಟ್ಟಿ ಮೂಸಿಯೇ ಅಂಥದೊಂದನ್ನು ತಂದಿದ್ದೆ. ಏಪ್ರಿಲ್ ಮಧ್ಯಾಹ್ನದ ಬಸ್ಸಿನಲ್ಲಿ ಪಕ್ಕದ ಹಿರಿಯರು ಏನನ್ನೂ ಹೇಳದೆ ಎದ್ದು ಹಿಂದಿನ ಸೀಟಿಗೆ ಹೋದರು.

ಅಂಗಡಿಯಲ್ಲಿ ಮೊದಲ ಹತ್ತು ನಿಮಿಷ ನಿಮಗೆ ಸಿಕ್ಕಿದ್ದು ಹೆಚ್ಚಾಗಿ ಮೇಲ್ಪದರ, ಅಂದರೆ ಹಾಕಿದ ಕೂಡಲೇ ಬರುವ ಮೊದಲ ವಾಸನೆ ಮಾತ್ರ. 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ನಿಂಬೆ, ಅದರ ಜಾತಿಯ ಬೆರ್ಗಮಾಟ್‌ಗಳು ಬೇಗನೆ ಹಾರಿಹೋಗುತ್ತವೆ. ಸಿಹಿ ವಾಸನೆ ಕೊಡುವ ವೆನಿಲಿನ್ (ವೆನಿಲಾದ ಸುವಾಸನೆಯ ವಸ್ತು), ಟೊಂಕಾ ಬೀಜದ ಕೂಮರಿನ್, ಎಥಿಲ್ ಮಾಲ್ಟಾಲ್‌ಗಳು ಉಳಿದುಕೊಂಡು, ಕಾದ ಮೈಮೇಲೆ ಇನ್ನಷ್ಟು ಜೋರಾಗಿ ಹರಡುತ್ತವೆ. ಇವುಗಳಲ್ಲಿ ಎಥಿಲ್ ಮಾಲ್ಟಾಲ್ ಎಂದರೆ ಶರಣಬಸವೇಶ್ವರ ಜಾತ್ರೆಯಲ್ಲಿ ಬಾಂಬೆ ಮಿಠಾಯಿ ಯಂತ್ರದ ಪಕ್ಕ ನಿಂತಾಗ ಬರುವ ಕಾದ ಸಕ್ಕರೆಯ ವಾಸನೆಯೇ ಸರಿ. ಆದ್ದರಿಂದ ಗಂಡಸರ ಸಿಹಿ ಪರ್ಫ್ಯೂಮ್ ಆರಿಸುವಾಗ ಸಿಹಿ ಎಷ್ಟಿದೆ ಎಂದು ನೋಡುವುದಕ್ಕಿಂತ, ಆ ಸಿಹಿಯನ್ನು ಹಿಡಿದು ನಿಲ್ಲಿಸುವ ಕಹಿ, ಒಣ ಅಥವಾ ತಂಪು ವಸ್ತು, ಮೇಲ್ಪದರ ಹಾರಿದ ಮೇಲೆ ಮೈಮೇಲೆ ಉಳಿಯುವ ಕೊನೆಯ ವಾಸನೆಯಾದ ಡ್ರೈಡೌನ್‌ನಲ್ಲಿಯೂ ಉಳಿದಿದೆಯೇ ಎಂದು ನೋಡಬೇಕು. 1995ರಲ್ಲಿ ಬಂದ ಲೆ ಮಾಲ್ ಎಂಬ ಪರ್ಫ್ಯೂಮ್‌ನಲ್ಲಿ ವೆನಿಲಾಕ್ಕೆ ಲ್ಯಾವೆಂಡರ್ ಮತ್ತು ಪುದೀನ ಜೊತೆಯಾಗಿವೆ. 1996ರಲ್ಲಿ ಬಂದ ಮ್ಯೂಗ್ಲರ್‌ನ ಎ ಮೆನ್‌ನಲ್ಲಿ ಚಾಕೊಲೇಟಿಗೆ ಕಾಫಿ, ಮಣ್ಣಿನ ವಾಸನೆಯ ಪಚೌಲಿ ಎಲೆ ಹಾಗೂ ಡಾಂಬರಿನ ಛಾಯೆ ಇದೆ. ಇಂಥ ಎದುರುಬಲ ಇಲ್ಲದ ಸಿಹಿ ನಮ್ಮ ಬೇಸಿಗೆಯಲ್ಲಿ ಓಕರಿಕೆ ತರಿಸುತ್ತದೆ.

ನನಗೆ ಫಲಿಸಿದ ಕ್ರಮ ಇಷ್ಟೆ, ಇದನ್ನು ನಾನು ಯಾರು ಕೇಳಿದರೂ ಹೇಳುತ್ತೇನೆ. ಬಾಟಲಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಅಲ್ ರೆಹಾಬ್‌ನ ಚೊಕೊ ಮಸ್ಕ್ ಎಂಬ ಸುಗಂಧ ತೈಲದ 6 ಮಿ.ಲೀ. ರೋಲ್-ಆನ್ ತೆಗೆದುಕೊಳ್ಳಿ. ಅದು ಮುಚ್ಚುಮರೆಯಿಲ್ಲದ ಸಿಹಿ, ಬೆಲೆಯೂ ಕಡಿಮೆ. ಮಧ್ಯಾಹ್ನ ಮೊಣಕೈಯ ಒಳಭಾಗಕ್ಕೆ ಒಂದೇ ಗೆರೆ ಎಳೆದು, ಉಜ್ಜದೆ, ಫ್ಯಾನಿನ ಕೆಳಗೆ ಕೂರದೆ, ನಿತ್ಯದ ಕೆಲಸಕ್ಕೆ ಹೊರಗೆ ಓಡಾಡಿ. ಬೆವರು ಬಂದು ಆರಿದ ಮೇಲೆ, ಸುಮಾರು ನಾಲ್ಕು ಗಂಟೆ ಕಳೆದ ಬಳಿಕ ಮೂಸಿ. ಅಷ್ಟರಲ್ಲಿ ನಿಮ್ಮ ಮೂಗು ಒಗ್ಗಿಹೋಗಿರುವುದರಿಂದ ಮನೆಯಲ್ಲಿ ಯಾರಿಗಾದರೂ ಒಂದು ಮೊಳ ದೂರದಿಂದ ಮೂಸಲು ಹೇಳಿ. ಅಷ್ಟು ಸಿಹಿಯನ್ನು ನೀವೂ ಮನೆಯವರೂ ಸಹಿಸಿದರೆ ಮುಂದಿನ ಹೆಜ್ಜೆಗೆ ನೀವು ನೋಡಿದ ಪರ್ಫ್ಯೂಮಿನ ಡಿಕ್ಯಾಂಟ್ (ದೊಡ್ಡ ಬಾಟಲಿಯಿಂದ ಸಣ್ಣ ಶೀಶೆಗೆ ತುಂಬಿದ್ದು) ತರಿಸಿ ಅದೇ ರೀತಿ ಪರೀಕ್ಷಿಸಿ. ತಲೆನೋವು ಬಂದರೆ ನೀವು ನೋಡಿದ ವೆನಿಲಾದ ವಿಚಾರವನ್ನೇ ಬಿಟ್ಟುಬಿಡಿ. ಮೂಗು ತಿಳಿಯಾಗಲೆಂದು ನಡುವೆ ಕಾಫಿ ಬೀಜ ಮೂಸುವ ಅಗತ್ಯವಿಲ್ಲ. ಬಯಲಿಗೆ ಬಂದು ಸ್ವಲ್ಪ ಹೊತ್ತು ನಿಂತರೆ ಸಾಕು.

ಲಟಾಫಾದ ಖಮ್ರಾ ತೆಗೆದುಕೊಳ್ಳಿ ಎಂದು ನಿಮ್ಮ ಪ್ರಶ್ನೆಗೆ ಇಲ್ಲಿ ಹಲವರು ಉತ್ತರ ಬರೆದಿದ್ದಾರೆ. ಖರ್ಜೂರ, ದಾಲ್ಚಿನ್ನಿ, ಪ್ರಲಿನ್ (ಸಕ್ಕರೆ ಪಾಕದ ಬಾದಾಮಿ ಮಿಠಾಯಿ) ವಾಸನೆ ಸೇರಿದ ಆ ಪರ್ಫ್ಯೂಮ್ ನನಗೂ ಅಚ್ಚುಮೆಚ್ಚು, ಆದರೆ ಅದು ಬೀದರಿನ ಡಿಸೆಂಬರ್ ರಾತ್ರಿಗೆ ಮಾತ್ರ. ತಂಪು ದೇಶದಲ್ಲಿ ಕುಳಿತವರ ರೀಲ್ಸ್ ನೋಡಿ, ಋತುವನ್ನೂ ಕೇಳದೆ, ನಮ್ಮ ಮೇ ತಿಂಗಳಿಗೆ ಇದನ್ನು ಶಿಫಾರಸು ಮಾಡುವುದು ಸರಿಯಲ್ಲ. ಹೊಸಬರು ಅದನ್ನು ನಂಬಿ ಹಣ ಕಳೆದುಕೊಳ್ಳುತ್ತಾರೆ. 2008ರಲ್ಲಿ ಬಂದ ಒನ್ ಮಿಲಿಯನ್ ಎಂಬ ಪರ್ಫ್ಯೂಮ್ ಸಹ ಹಗಲಿಗೆ ಹೆಚ್ಚಾಯಿತು ಎಂಬುದು ನನ್ನ ಅಭಿಪ್ರಾಯ. ಹಗಲಿನ ಮುಹೂರ್ತಕ್ಕೆ 2009ರ ಲಾ ನ್ಯೂಯಿ ದ ಲೋಮ್ ನೋಡಿ: ಏಲಕ್ಕಿ, ಲ್ಯಾವೆಂಡರ್, ಸೀಡರ್ ಇರುವ ಹದವಾದ ಸಿಹಿ. ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂಬ ಆಕ್ಷೇಪ ನಿಜ. ಜೇಬಿನಲ್ಲಿ ಐದು ಮಿ.ಲೀ. ಇಟ್ಟುಕೊಂಡರಾಯಿತು. ಸಂಜೆಯ ಆರತಕ್ಷತೆಗೆ ಲೆ ಮಾಲ್ ಎರಡೇ ಸ್ಪ್ರೇ ಸಾಕು.

ಆಲ್ಕೊಹಾಲ್ ಬೇಡವೆನ್ನುವವರು ಕಲಬುರಗಿಯ ಬಂದೇ ನವಾಜ್ ದರ್ಗಾದ ಸುತ್ತಲಿನ ಅತ್ತರಿನ ಅಂಗಡಿಗಳಲ್ಲಿ ಕೇಳಿ ನೋಡಬಹುದು. ಶಮಾಮಾ ಮತ್ತು ಹಿನಾ ಎಂಬ ಅತ್ತರುಗಳು ಸೊಗಸಾದ ಮಸಾಲೆ ಸಿಹಿಯವು, ಆದರೆ ಮೈಗೆ ಬಿಸಿ ಎನಿಸುವುದರಿಂದ ಅವು ಚಳಿಗಾಲದವು. ಬೇಸಿಗೆಗೆ ಶ್ರೀಗಂಧದ ತಳವಿರುವ ಗುಲಾಬಿ ಅಥವಾ ಕೇದಗೆ ಮೇಲು. ಶುದ್ಧ ಶ್ರೀಗಂಧದ ಎಣ್ಣೆ ದುಬಾರಿಯಾದ್ದರಿಂದ, ಕಡಿಮೆ ಬೆಲೆಗೆ ಕೊಡುವ ಶ್ರೀಗಂಧ ಶುದ್ಧವೆಂಬ ಮಾತನ್ನು ನಂಬಬೇಡಿ.

ಇನ್ನೊಂದು ವಿಷಯವನ್ನು ಯಾರೂ ಎತ್ತಿಲ್ಲ. ವೆನಿಲಿನ್ ಹೆಚ್ಚಿರುವ ಪರ್ಫ್ಯೂಮ್ ಕಾಲಕ್ರಮದಲ್ಲಿ ಚಹದ ಬಣ್ಣಕ್ಕೆ ತಿರುಗುತ್ತದೆ. ಅದು ಕೆಟ್ಟಿದೆ ಎಂದಲ್ಲ, ಆದರೆ ಬಿಳಿ ಜುಬ್ಬಾದ ಕಾಲರಿನ ಮೇಲೆ ಬಿದ್ದರೆ ಒಗೆದರೂ ಸುಲಭವಾಗಿ ಹೋಗದ ಹಳದಿ ಉಂಗುರ ಉಳಿಯಬಹುದು. ಜುಬ್ಬಾ ತೊಡುವ ಮೊದಲೇ ಎದೆಗೆ ಹಾಕಿಕೊಂಡು ಆರಲು ಬಿಡಿ. ಆಗ ತಾನೇ ಕ್ಷೌರ ಮಾಡಿದ ಕೆನ್ನೆಗೆ ಹಾಕಬೇಡಿ. ಬಿಸಿಲು ಬೀಳುವ ಗೋಡೆಗೆ ತಾಗಿದ ಸ್ಟೀಲ್ ಅಲಮಾರಿನಲ್ಲಿ ಬಾಟಲಿ ಇಡಬೇಡಿ, ಬೈಕಿನ ಡಿಕ್ಕಿಯಲ್ಲಂತೂ ಬೇಡವೇ ಬೇಡ. ಒಳಕೋಣೆಯ ಮರದ ಪೆಟ್ಟಿಗೆ ಒಳ್ಳೆಯದು. ಮದುವೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಾರೆ, ಕೊರಳಲ್ಲಿ ಮಲ್ಲಿಗೆ ಹಾರವೂ ಇರುತ್ತದೆ, ಇವೆಲ್ಲದರ ನಡುವೆ ಮೂರನೆಯ ಸ್ಪ್ರೇ ಖಂಡಿತ ಹೆಚ್ಚಾಗುತ್ತದೆ. ನೀವು ನೋಡಿದ ಬಾಟಲಿಯ ಹೆಸರನ್ನೂ ಅದು ಇಡಿಟಿಯೋ (ತೆಳುವಾದದ್ದು) ಇಡಿಪಿಯೋ (ಗಾಢವಾದದ್ದು) ಎಂಬುದನ್ನೂ ಇಲ್ಲಿ ಬರೆಯಿರಿ, ಅದರ ಡಿಕ್ಯಾಂಟ್ ನನ್ನ ಬಳಿ ಇದ್ದರೆ ಕಳುಹಿಸುತ್ತೇನೆ.