ತಪ್ಪು ನಿಮ್ಮ ಅಪ್ಪನ ಬೆರಳಿನದಲ್ಲ

ದಾವಣಗೆರೆಯ ಓದುಗರೊಬ್ಬರ ಪತ್ರ: "ಫೋನ್ ಕೊಳ್ಳುವ ಬಗ್ಗೆ ನೀವು ಬರೆದ ಲೇಖನದಲ್ಲಿ 'ಬಳಸೋಕೆ ಸುಲಭ' ಅನ್ನೋದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೀರಿ. ರ‍್ಯಾಮ್, ಪ್ರೊಸೆಸರ್, ಕ್ಯಾಮೆರಾ ತಾನೇ ಮುಖ್ಯ? ಸುಲಭ ಬೇಕು ಅನ್ನೋರು ಕಲಿಯೋಕೆ ಸೋಮಾರಿಗಳು. ಅಪ್ಪನಿಗೆ 18 ಸಾವಿರದ ಫೋನ್ ಕೊಡಿಸಿದೆ. ಒಂದೇ ತಿಂಗಳಿಗೆ ಅದನ್ನು ಬೀರುವಿನಲ್ಲಿಟ್ಟು ಹಳೇ ಕೀಪ್ಯಾಡ್ ಫೋನ್ ಹಿಡಿದರು."

ಪ್ರೊಸೆಸರ್ ಬಗ್ಗೆ ನಿಮ್ಮ ಮಾತು ಸರಿ. ಮುಟ್ಟಿ ಎರಡು ಸೆಕೆಂಡ್ ಕಾಯಿಸುವ ಫೋನ್ ಯಾರಿಗೂ ಬೇಡ. ಆದರೆ 'ಸೋಮಾರಿ' ಅನ್ನೋ ಮಾತು ನನಗೆ ನಿಜಕ್ಕೂ ನೋವು ತಂದಿತು.

ಕಳೆದ ವರ್ಷ ನಮ್ಮಮ್ಮ, "ವಾಟ್ಸ್ಆ್ಯಪ್ ಕಳೆದುಹೋಯ್ತು ಕಣೋ" ಅಂದರು. ಊರಿಗೆ ಹೋದಾಗ ಏನೂ ಮಾತಾಡದೆ ಪಕ್ಕದಲ್ಲಿ ಕೂತು ನೋಡಿದೆ. ಅಮ್ಮ ಪರದೆಯನ್ನು ಮಿಕ್ಸಿ ಗುಂಡಿ ಒತ್ತುವ ಹಾಗೆ ಒತ್ತುತ್ತಾರೆ, ಗಟ್ಟಿಯಾಗಿ, ಸ್ವಲ್ಪ ಹೊತ್ತು ಹಿಡಿದು. ಫೋನಿಗೆ ಅದು ಬೇರೆಯೇ ಸೂಚನೆ. ಐಕಾನ್ ಕಿತ್ತುಕೊಂಡು ಬೆರಳಿಗೆ ಅಂಟಿಕೊಂಡು ಬರುತ್ತದೆ, ಗಾಬರಿಯಲ್ಲಿ ಬೆರಳು ಮೇಲಕ್ಕೆ ಜಾರಿದರೆ ಅಲ್ಲಿ 'ರಿಮೂವ್' ಅಂತ ಕಾದಿರುತ್ತದೆ. ಅಲ್ಲಿಗೆ ಮುಗೀತು. ಕಾಲಿಂಗ್ ಬೆಲ್, ಸ್ವಿಚ್ಚು, ಕೀಪ್ಯಾಡ್ ಎಲ್ಲವೂ ನಲವತ್ತು ವರ್ಷ ಅವರಿಗೆ ಕಲಿಸಿದ್ದು ಒಂದೇ: ಆಗಲಿಲ್ಲ ಅಂದರೆ ಇನ್ನೂ ಗಟ್ಟಿಯಾಗಿ ಒತ್ತು. ಚೆನ್ನಾಗಿ ಕಲಿತವರಿಗೇ ಇಲ್ಲಿ ಶಿಕ್ಷೆ. ಇದರಲ್ಲಿ ಸೋಮಾರಿತನ ಎಲ್ಲಿ ಬಂತು, ಹೇಳಿ?

ಸುಲಭ ಮಾಡೋದಕ್ಕೆ ಎಷ್ಟು ಬೆವರು ಹರಿಸಬೇಕು ಗೊತ್ತಾ? 1996ರಲ್ಲಿ ಪಾಮ್ ಪೈಲಟ್ ಅನ್ನೋ ಜೇಬಿನ ಪುಟ್ಟ ಕಂಪ್ಯೂಟರ್ ಬರುವ ಮೊದಲು, ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಅದೇ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಯಾರಾದರೂ ಭೇಟಿಗೆ ಸಮಯ ಕೇಳಿದರೆ ಅದನ್ನು ತೆಗೆದು, ಬರೆದುಕೊಳ್ಳುವ ಹಾಗೆ ಕುಟ್ಟಿ ನೋಡುತ್ತಿದ್ದರು. ಚಿಪ್ಪಿಗಿಂತ ಮೊದಲು ಕೈಯನ್ನು ನೋಡಿದ ಮನುಷ್ಯ. 2002ರಲ್ಲಿ ಮೈಕ್ರೋಸಾಫ್ಟ್‌ನ ಟ್ಯಾಬ್ಲೆಟ್ ಪಿಸಿ ಬಂತು, ಪೂರ್ತಿ ವಿಂಡೋಸ್ ಇತ್ತು, ಜೊತೆಗೊಂದು ಪೆನ್ನು. ಆದರೂ ಮನೆಮನೆಗೆ ಅದು ತಲುಪಲಿಲ್ಲ. 2010ರ ಐಪ್ಯಾಡ್ ಮಾಡುತ್ತಿದ್ದ ಕೆಲಸ ಅದಕ್ಕಿಂತ ಎಷ್ಟೋ ಕಡಿಮೆ, 28 ದಿನದಲ್ಲಿ ಹತ್ತು ಲಕ್ಷ ಮಾರಾಟವಾಯಿತು. 2007ರ ಮೊದಲ ಐಫೋನಿನಲ್ಲಿ ಕಾಪಿ-ಪೇಸ್ಟ್ ಕೂಡ ಇರಲಿಲ್ಲ, ಅದು ಬಂದಿದ್ದು 2009ರಲ್ಲಿ. ನಿಮ್ಮ ಲೆಕ್ಕದ ಪ್ರಕಾರ ಇವೆರಡೂ ಸೋಲಬೇಕಿತ್ತು, ಅಲ್ವಾ?

ಅಷ್ಟು ದೂರ ಯಾಕೆ, ಕಂಪ್ಯೂಟರಿನಲ್ಲಿ ಕನ್ನಡ ಬರೆಯೋಕೆ ನಮ್ಮ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯನ್ನೇ ನೋಡಿ. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಹೇಗೆ ಕೂರಬೇಕು ಅನ್ನೋ ತಲೆನೋವು ಯಂತ್ರದ್ದು, ನಮ್ಮದಲ್ಲ. ಟೈಪಿಂಗ್ ಗೊತ್ತಿಲ್ಲದ ಸಾವಿರಾರು ಜನ ಕನ್ನಡ ಬರೆಯೋಕೆ ಶುರುಮಾಡಿದ್ದು ಹಾಗೆ. ಅವರನ್ನೂ ಸೋಮಾರಿಗಳು ಅಂತೀರಾ?

ನನ್ನ ಸಿಟ್ಟು ಫೋನಿನ ಮೇಲೆ ಮಾತ್ರ ಅಲ್ಲ. ಅಮ್ಮ ಕಷ್ಟಪಟ್ಟು ಕಲಿತಿದ್ದನ್ನು ಒಂದು ಅಪ್‌ಡೇಟ್ ಅಥವಾ ಹೊಸ ಫೋನ್ ರಾತ್ರೋರಾತ್ರಿ ಅಳಿಸಿಹಾಕುತ್ತದೆ. 2019ರ ಆಂಡ್ರಾಯ್ಡ್ 10ರಲ್ಲಿ ಕೆಳಗಿನ ಮೂರು ಗುಂಡಿಗಳ ಬದಲು ಪರದೆಯ ಅಂಚಿನಿಂದ ಸವರುವ ಪದ್ಧತಿ ಬಂತು. ಅಮ್ಮನ ಹೊಸ ಫೋನಿನಲ್ಲಿ ಅದೇ ಇತ್ತು. ಹಿಂದಕ್ಕೆ ಹೋಗೋಕೆ ದಾರಿ ಕಾಣದೆ ಅಮ್ಮ ಪ್ರತಿ ಸಲ ಫೋನ್ ಆಫ್ ಮಾಡಿ ಆನ್ ಮಾಡುತ್ತಿದ್ದರು. ವಾರಗಟ್ಟಲೆ ಯಾರಿಗೂ ಹೇಳಲಿಲ್ಲ, ನಾಚಿಕೆ. ಬ್ಯಾಂಕಿನ ಕಿಯಾಸ್ಕ್ ಮುಂದೆ, ಆಸ್ಪತ್ರೆಯ ಟೋಕನ್ ಯಂತ್ರದ ಮುಂದೆ ಇದೇ ನಾಚಿಕೆ ನೋಡಿದ್ದೇನೆ. ಹಿಂದಿನಿಂದ ಯಾರೋ "ಬೇಗ ಒತ್ತಿ ಅಜ್ಜಿ" ಅಂತಾರೆ. ತೆರೆ ಮೇಲೆ ಇಂಗ್ಲಿಷ್. ಕನ್ನಡ ಇದ್ದರೂ ಅದು ಯಾರ ಮನೆಯಲ್ಲೂ ಆಡದ ಕನ್ನಡ. ಮಾಡಿದವರು ಒಬ್ಬ ಅಜ್ಜಿಯನ್ನಾದರೂ ಕೂರಿಸಿ ನೋಡಿದ್ದರೆ ಹೀಗಾಗುತ್ತಿತ್ತಾ?

ನಿಮಗೆ ಸೆಟ್ಟಿಂಗ್ಸ್ ಅಂದರೆ ಇಷ್ಟ ಅನಿಸುತ್ತೆ. ಒಳ್ಳೇದೇ. ಬೀರುವಿನಿಂದ ಆ ಫೋನ್ ತೆಗೆಯಿರಿ. ಆಂಡ್ರಾಯ್ಡ್ ಆದರೆ 'ಆಕ್ಸೆಸಿಬಿಲಿಟಿ'ಯೊಳಗೆ 'ಟಚ್ ಆ್ಯಂಡ್ ಹೋಲ್ಡ್ ಡಿಲೇ' (ಎಷ್ಟು ಹೊತ್ತು ಒತ್ತಿದರೆ 'ಒತ್ತಿ ಹಿಡಿದದ್ದು' ಅಂತ ಫೋನ್ ತಿಳಿಯಬೇಕು ಅನ್ನೋದು) ಹುಡುಕಿ 'ಲಾಂಗ್' ಮಾಡಿ. ಮೂರು ಗುಂಡಿಗಳನ್ನು ವಾಪಸ್ ತನ್ನಿ. ಆಮೇಲೆ ಅಪ್ಪನ ಕೈಗೆ ಕೊಟ್ಟು, ಹತ್ತು ನಿಮಿಷ ಬಾಯಿ ಬಿಡದೆ ಅವರ ಬೆರಳನ್ನೇ ನೋಡಿ. ಏನು ಕಂಡಿತು ಅಂತ ನನಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ