ಹಳೆಯ ಕ್ಯಾನಿಸ್ಟರ್ ಫಿಲ್ಟರ್ ಕೊಳ್ಳುವ ಮುನ್ನ

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಒಂದೂವರೆ ಅಡಿ ಎತ್ತರದ ಅಕ್ವೇರಿಯಂ ಇದ್ದು, ಅದರಲ್ಲಿ ಆರು ಗೋಲ್ಡ್ ಫಿಶ್‌ಗಳಿವೆ. ಈಗಿರುವ ಟಾಪ್ ಫಿಲ್ಟರ್ ಸಾಲುತ್ತಿಲ್ಲ. ಪರಿಚಯದವರೊಬ್ಬರು ಮೂರು ವರ್ಷ ಬಳಸಿ, ಆರು ತಿಂಗಳಿಂದ ಅಟ್ಟದ ಮೇಲಿಟ್ಟಿರುವ ಕ್ಯಾನಿಸ್ಟರ್ ಫಿಲ್ಟರನ್ನು (ಅಕ್ವೇರಿಯಮ್ಮಿನ ಹೊರಗೆ ಕೆಳಗಿಟ್ಟು, ಪೈಪುಗಳ ಮೂಲಕ ನೀರನ್ನು ಎಳೆದು ಶೋಧಿಸಿ ಮರಳಿಸುವ ಡಬ್ಬ) ಹೊಸದರ ಅರ್ಧ ಬೆಲೆಗೆ ಕೊಡುತ್ತೇನೆಂದಿದ್ದಾರೆ. ಅದರ ಮೇಲೆ ಗಂಟೆಗೆ 1400 ಲೀಟರ್ ಎಂದು ಬರೆದಿದೆ. ಒಳಗಿನ ಮೀಡಿಯಾ (ನೀರನ್ನು ಶೋಧಿಸುವ ಸ್ಪಾಂಜು, ಇದ್ದಿಲು ಮುಂತಾದವು) ಸಮೇತ ಕೊಡುವುದರಿಂದ ಬ್ಯಾಕ್ಟೀರಿಯಾ ಸಿದ್ಧವಾಗಿರುತ್ತದೆ ಎಂದೂ ಹೇಳುತ್ತಾರೆ. ಕೊಳ್ಳಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಕೊಳ್ಳಬಹುದು, ಆದರೆ ಅಟ್ಟದಿಂದ ಇಳಿಸಿದ್ದನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡು ಬರಬೇಡಿ. ಕ್ಯಾನಿಸ್ಟರಿನ ಪ್ಲಾಸ್ಟಿಕ್ ಡಬ್ಬ ಬಹುಕಾಲ ಬಾಳುತ್ತದೆ, ಮೋಟಾರಿನ ಸುರುಳಿಯೂ ಎಪಾಕ್ಸಿಯೊಳಗೆ ಹುದುಗಿರುವುದರಿಂದ ಸುಲಭವಾಗಿ ಕೆಡುವುದಿಲ್ಲ. ಮೊದಲು ಸೋಲುವುದು ರಬ್ಬರು. ಡಬ್ಬಕ್ಕೂ ಅದರ ಮುಚ್ಚಳವಾದ ಹೆಡ್ಡಿಗೂ ನಡುವೆ ಕೂರುವ ಓ-ರಿಂಗ್ ಮತ್ತು ಪೈಪುಗಳನ್ನು ಜೋಡಿಸುವ ನಲ್ಲಿಯೊಳಗಿನ ಸಣ್ಣ ರಿಂಗುಗಳು ಆರು ತಿಂಗಳು ಒಣಗಿ ಬಿದ್ದಿದ್ದರೆ ಗಡುಸಾಗಿ, ಚಪ್ಪಟೆಯಾಗಿ, ನೀರನ್ನು ತಡೆಯುವ ಶಕ್ತಿಯನ್ನೇ ಕಳೆದುಕೊಂಡಿರಬಹುದು. ಆದ್ದರಿಂದ ಬೆಲೆ ಮಾತಾಡುವುದಕ್ಕೆ ಮೊದಲು ಆ ಮಾದರಿಯ ಓ-ರಿಂಗ್, ಇಂಪೆಲ್ಲರ್ (ನೀರನ್ನು ತಳ್ಳುವ ಪುಟ್ಟ ಚಕ್ರ) ಮತ್ತು ಅದು ತಿರುಗುವ ಸೆರಾಮಿಕ್ ಕಡ್ಡಿ ಬಿಡಿಯಾಗಿ ಸಿಗುತ್ತವೆಯೇ ಎಂದು ಅಂಗಡಿಯಲ್ಲಿ ವಿಚಾರಿಸಿ. ಜರ್ಮನಿಯ ಐಹೈಮ್‌ನ ಹಳೆಯ ಕ್ಲಾಸಿಕ್ ಮಾದರಿಗಳನ್ನು ಜನ ಇಂದಿಗೂ ಹುಡುಕಿ ಕೊಳ್ಳುವುದಕ್ಕೆ ಕಾರಣ ಅವುಗಳ ಬಿಡಿಭಾಗಗಳು ಇನ್ನೂ ದೊರೆಯುತ್ತಿರುವುದೇ ಆಗಿದೆ. ಬಿಡಿಭಾಗ ಸಿಗದ ಫಿಲ್ಟರು ಕಾಲು ಬೆಲೆಗೆ ಬಂದರೂ ದುಬಾರಿಯೇ.

ಅವರ ಮನೆಗೇ ಹೋಗಿ, ನೀರು ತುಂಬಿಸಿ, ಕನಿಷ್ಠ ಎರಡು ಗಂಟೆ ಓಡಿಸಿ ನೋಡಿ. ಅಲ್ಲಿ ಅಕ್ವೇರಿಯಂ ಇಲ್ಲದಿದ್ದರೆ ಮೇಜಿನ ಮೇಲೊಂದು ದೊಡ್ಡ ಬಕೆಟ್ ಇಟ್ಟು, ಎರಡೂ ಪೈಪುಗಳನ್ನು ಅದರೊಳಗೆ ಇಳಿಬಿಟ್ಟು, ಫಿಲ್ಟರನ್ನು ನೆಲದ ಮೇಲೆ ಒಣ ದಿನಪತ್ರಿಕೆಯ ಹಾಳೆಯ ಮೇಲಿರಿಸಿದರೆ ಸಾಕು. ಕಣ್ಣಿಗೆ ಕಾಣದ ಒಂದು ಹನಿಯನ್ನೂ ಕಾಗದ ತೋರಿಸಿಕೊಡುತ್ತದೆ. ನಾನು ಹಿಂದೊಮ್ಮೆ ಇಂಥದೇ ಫಿಲ್ಟರನ್ನು ಹತ್ತು ನಿಮಿಷ ಮಾತ್ರ ಓಡಿಸಿ ನೋಡಿ ತಂದಿದ್ದೆ. ಹೆಡ್ಡನ್ನು ಬಿಗಿಹಿಡಿಯುವ ಕ್ಲಿಪ್ಪಿನ ಬುಡದಲ್ಲಿದ್ದ ಕೂದಲೆಳೆಯಷ್ಟು ಸೀಳು ರಾತ್ರಿಯಿಡೀ ತೊಟ್ಟಿಕ್ಕಿ, ಬೆಳಗಾಗುವಷ್ಟರಲ್ಲಿ ನಡುಮನೆಯ ನೆಲವೆಲ್ಲ ನೀರಾಗಿತ್ತು, ಮೀನುಗಳು ನಾಲ್ಕು ಬೆರಳು ನೀರಿನಲ್ಲಿ ಹೊರಳಾಡುತ್ತಿದ್ದವು. ಆದ್ದರಿಂದ ಪ್ರತಿಯೊಂದು ಕ್ಲಿಪ್ಪಿನ ಬುಡವನ್ನೂ ನಲ್ಲಿಯ ಕತ್ತನ್ನೂ ಬೆಳಕಿಗೆ ಹಿಡಿದು ನೋಡಿ. ಅಂಟು ಹಾಕಿ ಸರಿಪಡಿಸಿದ ಗುರುತು ಕಂಡರೆ ವಿನಯದಿಂದ ಬೇಡವೆಂದು ಹೇಳಿಬಿಡಿ.

ಅದು ಓಡುತ್ತಿರುವಾಗ ಶಬ್ದ ಕೇಳಿಸಿಕೊಳ್ಳಿ. ಮೊದಲ ಕೆಲವು ನಿಮಿಷಗಳ ಗುಳುಗುಳು ಒಳಗಿನ ಗಾಳಿಯದು, ಅದು ತಾನಾಗಿ ನಿಲ್ಲುತ್ತದೆ. ನಿಲ್ಲದ ಕಟಕಟ ಸದ್ದಾದರೆ ಸೆರಾಮಿಕ್ ಕಡ್ಡಿ ಮುರಿದಿರಬೇಕು ಅಥವಾ ಇಂಪೆಲ್ಲರ್ ಸವೆದಿರಬೇಕು. ಬಳಿಕ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಓಡುತ್ತಿರುವಾಗ ಚೆನ್ನಾಗಿದ್ದು, ಒಮ್ಮೆ ನಿಂತರೆ ಮತ್ತೆ ತಿರುಗದ ಫಿಲ್ಟರುಗಳಿವೆ. ದಿನಕ್ಕೆರಡು ಬಾರಿ ಕರೆಂಟು ಹೋಗುವ ಊರಿನಲ್ಲಿ ಅಂಥದ್ದು ಯಾವ ಉಪಯೋಗಕ್ಕೂ ಬಾರದು.

ಇನ್ನು 1400 ಲೀಟರಿನ ವಿಚಾರ. ನಿಮ್ಮ ಅಕ್ವೇರಿಯಂ ಒಂಬತ್ತು ಘನ ಅಡಿ, ಅಂದರೆ ಸುಮಾರು 255 ಲೀಟರ್. ಜಲ್ಲಿ ಮತ್ತು ಮೇಲಿನ ಖಾಲಿ ಜಾಗವನ್ನು ಕಳೆದರೆ 220 ಲೀಟರ್ ನೀರು ಎಂದಿಟ್ಟುಕೊಳ್ಳಿ. ಹೆಚ್ಚು ಗಲೀಜು ಮಾಡುವ ಗೋಲ್ಡ್ ಫಿಶ್‌ಗೆ ಈ ನೀರು ಗಂಟೆಗೆ ಐದು ಬಾರಿಯಾದರೂ ಫಿಲ್ಟರಿನ ಮೂಲಕ ಹಾದುಹೋಗಬೇಕೆಂಬುದು ನನ್ನ ಅಭಿಪ್ರಾಯ. ಡಬ್ಬದ ಮೇಲಿನ ಅಂಕಿ ಸಾಮಾನ್ಯವಾಗಿ ಮೀಡಿಯಾ ತುಂಬದ, ಎತ್ತರಕ್ಕೆ ಏರಿಸದ ಹರಿವಿನದು. ಮನೆಯಲ್ಲಿ ಅದು ಬಹಳಷ್ಟು ಇಳಿಯುತ್ತದೆ. ಹೊರಬರುವ ಪೈಪನ್ನು 10 ಲೀಟರಿನ ಬಕೆಟ್ಟಿಗೆ ಹಿಡಿದು ಎಣಿಸಿ: 40 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 900 ಲೀಟರ್. ಅಷ್ಟು ಬಂದರೆ ಈಗಿನ ಟಾಪ್ ಫಿಲ್ಟರನ್ನೂ ಜೊತೆಗಿಟ್ಟುಕೊಂಡು ಧಾರಾಳವಾಗಿ ನಿಭಾಯಿಸಬಹುದು.

ಸಿದ್ಧ ಬ್ಯಾಕ್ಟೀರಿಯಾದ ಮಾತನ್ನು ಮಾತ್ರ ನಂಬಬೇಡಿ. ಮೀನಿನ ಮಲಮೂತ್ರದಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಮುಂದೆ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಈ ಜೀವಿಗಳಿಗೆ ತೇವವೂ ಆಮ್ಲಜನಕವೂ ಬೇಕು. ಆರು ತಿಂಗಳು ಅಟ್ಟದಲ್ಲಿದ್ದ ಸ್ಪಾಂಜಿನಲ್ಲಿ ಅವುಗಳಿಂದ ನಿಮಗಾಗುವ ಪ್ರಯೋಜನ ಏನೂ ಉಳಿದಿರುವುದಿಲ್ಲ. ರೋಗಾಣು ಉಳಿದಿರಬಹುದು. ಅವರು ಮೀನು ಸಾಕುವುದನ್ನು ಬಿಟ್ಟದ್ದೇಕೆಂದು ಸಂಕೋಚಪಡದೆ ಕೇಳಿ. ಮೀನುಗಳು ಒಂದೊಂದಾಗಿ ಬಡಕಲಾಗಿ, ಬೆನ್ನು ಬಾಗಿ ಸತ್ತವೆಂದರೆ ಅದು ಮೀನಿನ ಕ್ಷಯವಿರಬಹುದು. ಆ ರೋಗಾಣು ಕೈಯ ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ತಗಲುತ್ತದೆ. ಅಂಥ ಮನೆಯ ಫಿಲ್ಟರು ಬೇಡವೇ ಬೇಡ.

ಉಳಿದಂತೆ, ಹಳೆಯ ಸ್ಪಾಂಜನ್ನೂ ಇದ್ದಿಲನ್ನೂ ಎಸೆದು, ಗಡುಸಾದ ಪೈಪನ್ನು ಬದಲಿಸಿ, ಡಬ್ಬವನ್ನು ಇಪ್ಪತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಅರ್ಧ ಗಂಟೆ ನೆನೆಸಿ, ವಾಸನೆ ಪೂರ್ತಿ ಹೋಗುವವರೆಗೆ ತೊಳೆದು ಬಿಸಿಲಿಗೆ ಒಣಗಿಸಿ. ಬೋರ್‌ವೆಲ್ ನೀರಿನ ಬಿಳಿ ಪೊರೆ ಕಟ್ಟಿದ್ದರೆ ಅದನ್ನು ಇನ್ನೊಂದು ದಿನ ವಿನೆಗರಿನಿಂದ ಬಿಡಿಸಬಹುದು. ಬ್ಲೀಚಿನೊಂದಿಗೆ ವಿನೆಗರನ್ನು ಎಂದಿಗೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಹೊಸ ಓ-ರಿಂಗಿಗೆ ಕೊಬ್ಬರಿ ಎಣ್ಣೆಯನ್ನಲ್ಲ, ಸಿಲಿಕೋನ್ ಗ್ರೀಸನ್ನು ಸವರಿ. ನೀರೆಳೆಯುವ ಜಾಲರಿಯನ್ನು ತಳಕ್ಕಿಳಿಸದೆ ಅಕ್ವೇರಿಯಮ್ಮಿನ ಅರ್ಧ ಎತ್ತರದಲ್ಲಿಡಿ. ಎಲ್ಲಿಯಾದರೂ ಸೋರಿದರೂ ಆ ಪೈಪು ಅಲ್ಲಿಂದ ಕೆಳಗಿನ ನೀರನ್ನು ಎಳೆಯಲಾರದು. ಹೊಸ ಸ್ಪಾಂಜಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಬೇಕಾದ್ದರಿಂದ ಟಾಪ್ ಫಿಲ್ಟರನ್ನು ಕನಿಷ್ಠ ಆರು ವಾರ ತೆಗೆಯಬೇಡಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ತಾನು ಬಳಸಿದ ಕ್ಯಾನಿಸ್ಟರ್ ಫಿಲ್ಟರನ್ನು ತರುತ್ತೇನೆ ಎನ್ನುತ್ತಾನೆ. ಇಲ್ಲಿ ನಡೆಯುತ್ತದೆಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ಅಲ್ಲಿನ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್, ನಮ್ಮದು 230 ವೋಲ್ಟ್, 50 ಹರ್ಟ್ಸ್. ನೇರವಾಗಿ ಜೋಡಿಸಿದರೆ ಮೋಟಾರು ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೂ ಹರ್ಟ್ಸ್ ಬದಲಾಗುವುದಿಲ್ಲ. ಈ ಮೋಟಾರುಗಳ ವೇಗ ಹರ್ಟ್ಸನ್ನೇ ಅನುಸರಿಸುವುದರಿಂದ ಆರರಲ್ಲಿ ಒಂದು ಪಾಲು ನಿಧಾನವಾಗಿ ತಿರುಗುತ್ತವೆ, ಹೆಚ್ಚು ಬಿಸಿಯೂ ಆಗಬಹುದು. ಫಿಲ್ಟರನ್ನು ಅಲ್ಲಿಯೇ ಯಾರಿಗಾದರೂ ಕೊಟ್ಟು ಬರಲು ಹೇಳಿ. ತರುವುದಾದರೆ ಒಳಗಿನ, ಬ್ಯಾಕ್ಟೀರಿಯಾ ನೆಲೆಸುವ ಸೆರಾಮಿಕ್ ರಿಂಗುಗಳನ್ನು ಮಾತ್ರ ಕುದಿಸಿ, ಒಣಗಿಸಿ ತರಲಿ.