ಹೂಸ್ಟನ್‌ನಲ್ಲಿ ಕರೆಂಟ್ ಬಿಲ್ ದಿಢೀರ್ ಏರಿದ್ದಕ್ಕೆ

ಟೆಕ್ಸಸ್‌ನ ಹೂಸ್ಟನ್‌ನಲ್ಲಿ ಏಸಿ ಮೊದಲಿನಷ್ಟೇ ಹಾಕಿದರೂ ಕರೆಂಟ್ ಬಿಲ್ ದುಪ್ಪಟ್ಟಾಗಿದೆ, ಯಾಕೆ ಅಂತ ಕೇಳಿದ್ದೀರಿ. ಕರೆಂಟ್ ಕಂಪನಿಯ ಜೊತೆ ನೀವು ಮಾಡಿಕೊಂಡ ಒಂದು ವರ್ಷದ ಪ್ಲಾನ್ ಮುಗಿದು, ತಿಂಗಳು ತಿಂಗಳು ಬದಲಾಗುವ ದರಕ್ಕೆ ಬಿದ್ದಿರಬೇಕು. ಬಳಕೆ ಅಷ್ಟೇ ಇದ್ದರೂ ಬಿಲ್ ಏರಿದೆಯಲ್ಲ, ಅದಕ್ಕೇ ಈ ಅನುಮಾನ. ನನಗೂ ಹೀಗೇ ಆಗಿತ್ತು. ಹೂಸ್ಟನ್‌ನಲ್ಲಿ ಕರೆಂಟ್ ಕಂಪನಿಯನ್ನು ನಾವೇ ಆರಿಸಬೇಕು, ಪ್ಲಾನಿನ ಅವಧಿಯನ್ನೂ ನಾವೇ ನೆನಪಿಡಬೇಕು.

ಮೊದಲು ಬಿಲ್‌ನಲ್ಲಿ ಕಾಂಟ್ರಾಕ್ಟ್ ಮುಗಿಯುವ ತಾರೀಖು ನೋಡಿ. ದಾಟಿದ್ದರೆ ದಂಡವಿಲ್ಲದೆ ಇವತ್ತೇ ಬದಲಾಯಿಸಬಹುದು. ಆಮೇಲೆ ಹಳೆಯ ಬಿಲ್‌ಗಳಿಂದ ಯಾವ ತಿಂಗಳು ಎಷ್ಟು ಯೂನಿಟ್ ಅಂತ ಬರೆದುಕೊಳ್ಳಿ. ಟೆಕ್ಸಸ್ ಸರ್ಕಾರದ ಪವರ್ ಟು ಚೂಸ್ ಸೈಟಿನಲ್ಲಿ ಜಿಪ್ ಕೋಡ್ ಹಾಕಿ, ಪ್ಲಾನಿನ ಫ್ಯಾಕ್ಟ್ಸ್ ಲೇಬಲ್, ಅಂದರೆ ದರದ ವಿವರ ಇರುವ ಹಾಳೆ, ತೆರೆಯಿರಿ. 500, 1000, 2000 ಯೂನಿಟ್‌ಗೆ ಸರಾಸರಿ ದರ ಕೊಟ್ಟಿರುತ್ತಾರೆ. 1000ಕ್ಕೆ ಮಾತ್ರ ಅಗ್ಗ ಇರುವುದನ್ನು ದಯವಿಟ್ಟು ತೆಗೆದುಕೊಳ್ಳಬೇಡಿ, ಸ್ವಲ್ಪ ಕಡಿಮೆ ಬಳಸಿದ ತಿಂಗಳೂ ಕೈ ಸುಡುತ್ತದೆ. ಮೂರಕ್ಕೂ ಹೆಚ್ಚುಕಡಿಮೆ ಒಂದೇ ದರ ಇರುವ ಫಿಕ್ಸೆಡ್ ಪ್ಲಾನ್ (ಅವಧಿ ಮುಗಿಯುವ ತನಕ ದರ ಬದಲಾಗದ್ದು) ಆರಿಸಿ.

ತಾರೀಖು ದಾಟಿಲ್ಲದಿದ್ದರೆ ನನ್ನ ಊಹೆ ತಪ್ಪು. ಆಗ ಯೂನಿಟ್ ಲೆಕ್ಕ ಇಲ್ಲಿ ಹಾಕಿ, ನೋಡೋಣ.